ಭತ್ತದ ಪಟ್ಟಿ, ದಲಾಲಿ ಅಂಗಡಿಯ ಉದ್ರಿ ಮತ್ತು ಲಿನಕ್ಸ್‌ನಲ್ಲಿ ಮನೆಯ ಲೆಕ್ಕ

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ ನಮಗೆ ಆರು ಎಕರೆ ಭತ್ತದ ಗದ್ದೆ ಇದೆ. ಪತ್ನಿ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ತಂದೆಯವರು ಇಂದಿಗೂ ನೋಟ್‌ಬುಕ್‌ನಲ್ಲಿ ಲೆಕ್ಕ ಬರೆಯುತ್ತಾರೆ. 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಂಡು, ಮನೆ ಮತ್ತು ಹೊಲದ ಲೆಕ್ಕಕ್ಕೆಂದು ಗ್ನುಕ್ಯಾಶ್ ಎಂಬ ಲೆಕ್ಕದ ತಂತ್ರಾಂಶ ತೆರೆದು ನೋಡಿದೆ. ದಲಾಲಿ ಅಂಗಡಿಯ ವ್ಯವಹಾರಕ್ಕೆ ಅದರಲ್ಲಿ ಜಾಗವೇ ಇಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟ್ ಒಳಗೆ ಹೋಗುತ್ತಿಲ್ಲ, ಬೆಳೆವಾರು ವರದಿಯೂ ಕಾಣಲಿಲ್ಲ. ಡಿಪ್ಲೊಮಾದಲ್ಲಿ ಕಲಿತ ಪೈಥಾನ್ ಅಲ್ಪಸ್ವಲ್ಪ ಬರುತ್ತದೆ. ಅದರ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ತಂದು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದೇ? ಎಲ್ಲಿಂದ ಆರಂಭಿಸಲಿ?

ಉತ್ತರ: ತಿದ್ದಬಹುದು. ಗ್ನುಕ್ಯಾಶ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ತಂತ್ರಾಂಶ. ಸೋರ್ಸ್ ಓದಲು, ತಿದ್ದಲು, ತಿದ್ದಿದ್ದನ್ನು ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನಿಮ್ಮ ಮೂರು ದೂರುಗಳನ್ನು ಬಿಡಿಬಿಡಿಯಾಗಿ ನೋಡಿ. ಮೊದಲನೆಯದು ತಂತ್ರಾಂಶದ ಕೊರತೆಯಲ್ಲ. ಖಾತೆಗಳನ್ನು ಸರಿಯಾಗಿ ಕಟ್ಟಿಕೊಂಡರೆ ತೀರುತ್ತದೆ. ಎರಡನೆಯದಕ್ಕೆ ಗ್ನುಕ್ಯಾಶ್‌ನ ಹೊರಗೇ ಓಡುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಸಾಕು. ಮೂರನೆಯದರ ಅರ್ಧ ಪರಿಹಾರ ಅದರೊಳಗೇ ಇದೆ, ಉಳಿದರ್ಧಕ್ಕೆ ಕೋಡ್ ಬರೆಯಬೇಕು, ಅದಕ್ಕೂ ಕಂಪೈಲ್ (ಸೋರ್ಸ್‌ನಿಂದ ತಂತ್ರಾಂಶವನ್ನು ಕಟ್ಟುವುದು) ಬೇಡ. ಸೋರ್ಸ್‌ನಿಂದ ಕಟ್ಟುವ ವಿಧಾನವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಅಲ್ಲಿಗೆ ಜಿಗಿದರೆ ಲೆಕ್ಕ ಬರೆಯುವ ಕೆಲಸ ಮುಂದಿನ ಹಂಗಾಮಿಗೆ ಹೋಗುತ್ತದೆ, ಅದರ ಮುಂದಿನ ಹಂಗಾಮಿಗೂ ಹೋಗುತ್ತದೆ. (ಆದೇಶಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ.)

ಬೇರೆ ತಂತ್ರಾಂಶಗಳ ವಿಚಾರ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಸಂಬಳ ಬಂತು, ಖರ್ಚಾಯಿತು ಎನ್ನುವ ಮನೆಗೆ ಹೋಮ್‌ಬ್ಯಾಂಕ್ ಸಾಕು; ಹಗುರ, ಕಲಿಯಲು ಸುಲಭ. ಕೆಮೈಮನಿ ನೋಡಲು ಚೆನ್ನ, ಆದರೆ ಕೆಡಿಇ ಎಂಬ ಡೆಸ್ಕ್‌ಟಾಪ್‌ನ ಲೈಬ್ರರಿಗಳ ದೊಡ್ಡ ಪರಿವಾರವನ್ನೇ ಜೊತೆಗೆ ತರುತ್ತದೆ. ಬರೀ ಪಠ್ಯ ಕಡತದಲ್ಲಿ ಲೆಕ್ಕ ಬರೆಯುವ ಎಚ್‌ಲೆಡ್ಜರ್ ನನಗೆ ಬಹಳ ಇಷ್ಟ. ಆದರೆ ಪತ್ನಿಯೋ ತಂದೆಯವರೋ ಕುಳಿತು ನಮೂದಿಸಬೇಕಾದ ಮನೆಯಲ್ಲಿ ಅದು ನಡೆಯುವುದಿಲ್ಲ. ಕನ್ನಡದ ಒತ್ತಕ್ಷರಗಳ ಅಗಲವನ್ನು ಟರ್ಮಿನಲ್‌ಗಳು ತಪ್ಪಾಗಿ ಎಣಿಸುವುದರಿಂದ ಅಂಕಣಗಳೂ ಓರೆಕೋರೆಯಾಗುತ್ತವೆ. ಗ್ನುಕ್ಯಾಶ್‌ನ 1.0 ಆವೃತ್ತಿ ಬಂದದ್ದು 1998 ರಲ್ಲಿ, 5.0 ಬಂದದ್ದು 2023 ರಲ್ಲಿ. ಮುಖ ಹಳೆಯ ಕಾಲದ್ದೇ. ಆದರೆ ಅದು ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಬಿಟ್ಟುಕೊಡುವುದಿಲ್ಲ, ಮತ್ತು ಉದ್ರಿಯ ಮೇಲೆ ನಡೆಯುವ ಒಕ್ಕಲುತನಕ್ಕೆ ಬೇಕಾದದ್ದು ಅದೇ. ತಂದೆಯವರು ಕಿರ್ದಿ (ದಿನವಹಿ) ಬರೆದು ಆಮೇಲೆ ಖತಾವಣಿಗೆ (ಖಾತೆವಾರು ಪುಸ್ತಕಕ್ಕೆ) ಏರಿಸುತ್ತಿದ್ದರೆ, ಇಲ್ಲಿ ಒಮ್ಮೆ ಬರೆದದ್ದು ಎರಡೂ ಖಾತೆಗೆ ತಾನಾಗಿಯೇ ಏರುತ್ತದೆ.

ಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಿಮ್ಮದು ಮಿಂಟ್ 22 ಆಗಿದ್ದರೆ ಅದರ ಬುನಾದಿ ಉಬುಂಟು 24.04, ಅದರ ಭಂಡಾರದಲ್ಲಿ ಗ್ನುಕ್ಯಾಶ್ 5 ರ ಸರಣಿಯೇ ಇದೆ: ‘ಸುಡೊ ಆಪ್ಟ್ ಇನ್‌ಸ್ಟಾಲ್ ಗ್ನುಕ್ಯಾಶ್’ ಎಂದರೆ ಮುಗಿಯಿತು. ಮಿಂಟ್ 21 ಆಗಿದ್ದರೆ 4 ರ ಸರಣಿ ಸಿಗುತ್ತದೆ; ಲೆಕ್ಕ ಬರೆಯಲು ಅದೂ ಸಾಕು. ಹೊಸದೇ ಬೇಕೆಂದರೆ ಫ್ಲ್ಯಾಟ್‌ಪ್ಯಾಕ್ ರೂಪದ ತಂತ್ರಾಂಶಗಳ ತಾಣವಾದ ಫ್ಲ್ಯಾಟ್‌ಹಬ್‌ನಲ್ಲಿದೆ, ಆದರೆ ಅದು ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ತಳಹದಿಯನ್ನೂ ಸೇರಿಸಿ ನೂರಾರು ಎಂಬಿ ಇಳಿಸಿಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇರುವವರು ಒಮ್ಮೆ ಯೋಚಿಸಿ. ಎರಡರಲ್ಲಿ ಒಂದನ್ನು ಹಿಡಿಯಿರಿ. ಫ್ಲ್ಯಾಟ್‌ಪ್ಯಾಕ್ ತನ್ನ ಸೆಟ್ಟಿಂಗ್‌ಗಳನ್ನೂ ಉಳಿಸಿದ ವರದಿಗಳನ್ನೂ ಬೇರೆ ಫೋಲ್ಡರ್‌ನಲ್ಲಿ ಇಡುವುದರಿಂದ, ಇಂದು ಇದು ನಾಳೆ ಅದು ಎಂದು ತೆರೆಯುವವರು ‘ನನ್ನ ವರದಿಗಳೆಲ್ಲ ಅಳಿಸಿಹೋದವು’ ಎಂದು ಗಾಬರಿಯಾಗುತ್ತಾರೆ. ಅಳಿಸಿರುವುದಿಲ್ಲ, ಪಕ್ಕದ ಫೋಲ್ಡರ್‌ನಲ್ಲಿರುತ್ತವೆ.

ಲೆಕ್ಕ ಆರಂಭಿಸುವ ಮುನ್ನ ಮಿಂಟ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಪ್ರದೇಶವನ್ನು ‘ಇಂಗ್ಲಿಷ್, ಇಂಡಿಯಾ’ ಎಂದು ಮಾಡಿ. ಇಲ್ಲವಾದರೆ 1,70,000 ಎಂಬುದು 170,000 ಎಂದು ಕಾಣುತ್ತದೆ. ಅಂಕಿಗಳ ನಡುವೆ ಅಲ್ಪವಿರಾಮ ಎಲ್ಲಿ ಬೀಳಬೇಕೆಂಬುದನ್ನು ಗ್ನುಕ್ಯಾಶ್ ಈ ಸೆಟ್ಟಿಂಗ್ ನೋಡಿಯೇ ತೀರ್ಮಾನಿಸುತ್ತದೆ. ಲಕ್ಷದ ಲೆಕ್ಕದಲ್ಲಿ ಬೆಳೆದ ತಂದೆಯವರಿಗೆ ಇದು ಸಣ್ಣ ವಿಷಯವಲ್ಲ. ಖಾತೆಗಳ ಹೆಸರನ್ನು ಧಾರಾಳವಾಗಿ ಕನ್ನಡದಲ್ಲೇ ಇಡಿ. ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸ ಸಿದ್ಧವಾಗಿಯೇ ಇದೆ. ಮೆನುಗಳಿಗೂ ಕನ್ನಡ ಅನುವಾದ ಇದೆ, ಆದರೆ ಪೂರ್ತಿಯಾಗಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನ ಪರದೆ ಕಣ್ಣಿಗೆ ತ್ರಾಸ ಕೊಡುತ್ತದೆ. ಸದ್ಯಕ್ಕೆ ಮೆನುಗಳು ಇಂಗ್ಲಿಷ್‌ನಲ್ಲೇ ಇರಲಿ ಎಂಬುದು ನನ್ನ ಸಲಹೆ.

ಈಗ ದಲಾಲಿ ಅಂಗಡಿಗೆ ಬರೋಣ. ಗ್ನುಕ್ಯಾಶ್‌ನಲ್ಲಿ ಎಲ್ಲ ಖಾತೆಗಳೂ ಐದು ಗುಂಪುಗಳಲ್ಲಿ ಒಂದಕ್ಕೆ ಸೇರುತ್ತವೆ: ಆಸ್ತಿ, ಹೊಣೆ, ಮೂಲಧನ, ಆದಾಯ, ಖರ್ಚು. ದಲಾಲಿ ಅಂಗಡಿ ಇವುಗಳಲ್ಲಿ ಎಲ್ಲಿ ಕೂರುತ್ತದೆ ಎಂಬುದೇ ನಿಮ್ಮ ಗೊಂದಲ, ಅದು ಸಹಜ. ಅದೇ ಅಂಗಡಿ ಗೊಬ್ಬರ ಕೊಡುತ್ತದೆ, ಕೈಗಡ ಕೊಡುತ್ತದೆ, ಭತ್ತ ಮಾರಿಕೊಡುತ್ತದೆ, ಬಡ್ಡಿ ಹಿಡಿಯುತ್ತದೆ, ಕೆಲವೊಮ್ಮೆ ನಿಮ್ಮ ಹಣವನ್ನು ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ. ಇಷ್ಟೆಲ್ಲಕ್ಕೂ ಒಂದೇ ಖಾತೆ ಸಾಕು: ಹೊಣೆಯ ಗುಂಪಿನಡಿ, ಅಂಗಡಿಯ ಹೆಸರಿನಲ್ಲಿ. ಖಾತೆಯ ಬಗೆ ಕೇಳಿದಾಗ ಸಾದಾ ‘ಲಯಬಿಲಿಟಿ’ ಆರಿಸಿ. ಪಕ್ಕದಲ್ಲಿರುವ ‘ಅಕೌಂಟ್ಸ್ ಪೇಯಬಲ್’ ನೋಡಿ ಮರುಳಾಗಬೇಡಿ. ಅದು ಬಿಲ್ಲು, ಸರಬರಾಜುದಾರ ಎಂದೆಲ್ಲ ವ್ಯಾಪಾರದ ಸರಂಜಾಮು ಕೇಳುವ ಖಾತೆ.

ಒಂದು ಹಂಗಾಮನ್ನು ನಮೂದಿಸಿ ನೋಡೋಣ. ಅಂಕಿಗಳು ಉದಾಹರಣೆಗಷ್ಟೆ. ನಾಟಿಯ ನಂತರ ನೀವು ಅಂಗಡಿಯಿಂದ ಗೊಬ್ಬರ, ಕ್ರಿಮಿನಾಶಕ ಎಂದು 60,000 ರೂಪಾಯಿಯ ಮಾಲು ಉದ್ರಿ ತಂದಿರಿ. ಜೇಬಿನಿಂದ ಒಂದು ಪೈಸೆಯೂ ಹೋಗಿಲ್ಲ, ಬ್ಯಾಂಕಿನಲ್ಲೂ ಏನೂ ಅಲುಗಾಡಿಲ್ಲ, ಹಾಗಾಗಿ ನೋಟ್‌ಬುಕ್‌ನಲ್ಲಿ ಇದು ಬಹುಶಃ ಕೊನೆಯ ಪುಟದ ಗೀಚಾಗಿ ಉಳಿಯುತ್ತದೆ. ಗ್ನುಕ್ಯಾಶ್‌ನಲ್ಲಿ ಅಂದೇ ಬರೆಯಿರಿ: ‘ಖರ್ಚು: ಗೊಬ್ಬರ’ ಖಾತೆಗೆ 60,000, ‘ಹೊಣೆ: ದಲಾಲಿ ಅಂಗಡಿ’ ಖಾತೆಗೆ 60,000. ಖರ್ಚಾದದ್ದೂ ದಾಖಲಾಯಿತು, ಕೊಡಬೇಕಾದದ್ದೂ ದಾಖಲಾಯಿತು.

ಕೊಯ್ಲಾಯಿತು. 75 ಕೆ.ಜಿ.ಯ 100 ಚೀಲ, ಚೀಲಕ್ಕೆ 1,700 ರಂತೆ 1,70,000 ರೂಪಾಯಿ. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಹಮಾಲಿ ಮತ್ತು ತೂಕಕ್ಕೆ 2,500, ಹಿಂದಿನ ಉದ್ರಿ 60,000, ಅದರ ಮೇಲೆ ಐದು ತಿಂಗಳ ಬಡ್ಡಿ 6,000 ಕಡಿತವಾಗಿದೆ. ಉಳಿದ 1,01,500 ನಿಮ್ಮ ಬ್ಯಾಂಕಿಗೆ ಬಂದಿದೆ. ನೋಟ್‌ಬುಕ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಕಾಣುತ್ತದೆ: ಭತ್ತ ಮಾರಿ ಬಂದದ್ದು 1,01,500. ಗ್ನುಕ್ಯಾಶ್‌ನಲ್ಲಿ ಬ್ಯಾಂಕ್ ಖಾತೆಯನ್ನು ತೆರೆದು, ಆ ಸಾಲಿನ ಮೇಲೆ ನಿಂತು ‘ಸ್ಪ್ಲಿಟ್’ ಗುಂಡಿ ಒತ್ತಿ. ಕೆಳಗೆ ಖಾಲಿ ಸಾಲುಗಳು ಬಿಚ್ಚಿಕೊಳ್ಳುತ್ತವೆ. ‘ಆದಾಯ: ಭತ್ತ’ ಖಾತೆಗೆ ಪೂರ್ತಿ 1,70,000 ಜಮೆ. ಅದರ ಎದುರಿಗೆ ಬ್ಯಾಂಕ್ 1,01,500, ‘ಖರ್ಚು: ಹಮಾಲಿ’ 2,500, ‘ಖರ್ಚು: ಬಡ್ಡಿ’ 6,000, ‘ಹೊಣೆ: ದಲಾಲಿ ಅಂಗಡಿ’ 60,000. ಎರಡೂ ಬದಿ 1,70,000 ಕ್ಕೆ ತಾಳೆಯಾಗುತ್ತದೆ, ಅಂಗಡಿಯ ಖಾತೆ ಸೊನ್ನೆಗೆ ಇಳಿಯುತ್ತದೆ. ತಾಳೆಯಾಗದಿದ್ದರೆ ಉಳಿದ ಮೊತ್ತವನ್ನು ‘ಇಂಬ್ಯಾಲೆನ್ಸ್’ ಎಂಬ ಖಾತೆಗೆ ತಳ್ಳಿ ತೋರಿಸುತ್ತದೆ. ಆ ಖಾತೆಯಲ್ಲಿ ಏನಾದರೂ ಕುಳಿತಿದೆ ಎಂದರೆ ಪಟ್ಟಿಯ ಯಾವುದೋ ಸಾಲು ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

ಒಂದೇ ಸಾಲು ಬರೆದಿದ್ದರೆ ಏನು ಕಳೆದುಹೋಗುತ್ತಿತ್ತು ನೋಡಿ. ಆದಾಯದಲ್ಲಿ 68,500, ಖರ್ಚಿನಲ್ಲಿ 68,500, ಎರಡೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅದರಲ್ಲಿ ಬಡ್ಡಿಯ 6,000 ಮುಖ್ಯ. ಅರವತ್ತು ಸಾವಿರಕ್ಕೆ ಐದು ತಿಂಗಳಿಗೆ ಆರು ಸಾವಿರ ಎಂದರೆ ನಮ್ಮ ಕಡೆ ಹೇಳುವ ‘ಎರಡು ರೂಪಾಯಿ ಬಡ್ಡಿ’, ವರ್ಷಕ್ಕೆ ಶೇ 24. ಪ್ರಾಥಮಿಕ ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ಇರುವ ರಾಜ್ಯದಲ್ಲಿ ಶೇ 24 ಕೊಡುತ್ತಿದ್ದೇವೆ ಎಂಬುದು ವರ್ಷದ ಕೊನೆಯಲ್ಲಿ ‘ಖರ್ಚು: ಬಡ್ಡಿ’ ಎಂಬ ಖಾತೆ ತೆರೆದಾಗ ಮಾತ್ರ ಗೊತ್ತಾಗುತ್ತದೆ. ಅಂಗಡಿಯವರನ್ನು ದೂರುತ್ತಿಲ್ಲ, ಸಂಘದಲ್ಲಿ ಸಾಲ ಮಂಜೂರಾಗುವ ಹೊತ್ತಿಗೆ ನಾಟಿ ಮುಗಿದಿರುತ್ತದೆ, ಅಂಗಡಿಯವರು ಅದೇ ದಿನ ಕೊಡುತ್ತಾರೆ ಎಂಬುದೂ ಲೆಕ್ಕದಲ್ಲಿ ಇರಲಿ.

ಭತ್ತ ಹಾಕಿ ಹಣವನ್ನು ಅಂಗಡಿಯಲ್ಲೇ ಬಿಟ್ಟರೆ ಆ ಖಾತೆಯ ಶಿಲ್ಕು ಋಣ ಸಂಖ್ಯೆಯಾಗಿ, ಕೆಂಪಿನಲ್ಲಿ ಕಾಣುತ್ತದೆ. ಹೊಣೆಯ ಖಾತೆಯಲ್ಲಿ ಕೆಂಪು ಎಂದರೆ ಅವರೇ ನಿಮಗೆ ಕೊಡಬೇಕು. ಅದಕ್ಕಾಗಿ ಇನ್ನೊಂದು ಖಾತೆ ತೆರೆಯಬೇಡಿ. ಒಂದೇ ಅಂಗಡಿಗೆ ಎರಡು ಖಾತೆಯಾದರೆ ಪಟ್ಟಿಯ ಜೊತೆ ತಾಳೆ ನೋಡುವುದು ಕಷ್ಟ. ಸೊಸೈಟಿಯ ಸಾಲ, ಬಂಗಾರದ ಸಾಲ ಇವುಗಳೂ ಹೊಣೆಯಡಿಯೇ, ಒಂದೊಂದಕ್ಕೆ ಒಂದೊಂದು ಖಾತೆ. ಒತ್ತೆ ಇಟ್ಟ ಬಂಗಾರ ಆಸ್ತಿಯಲ್ಲೇ ಇರಲಿ, ಕೊಂಡ ಬೆಲೆಗೇ ಇರಲಿ. ದಿನದ ದರಕ್ಕೆ ಏರಿಸುತ್ತಾ ಹೋದರೆ ಮನೆ ಶ್ರೀಮಂತವಾದಂತೆ ಕಾಣುತ್ತದೆ, ಮಾರುವ ಉದ್ದೇಶ ಯಾರಿಗೂ ಇರುವುದಿಲ್ಲ.

ಹಿಂದಿನ ವರ್ಷಗಳ ನೋಟ್‌ಬುಕ್‌ಗಳನ್ನು ಒಳಗೆ ತುಂಬುವ ಸಾಹಸ ಬೇಡ. ಒಂದು ದಿನಾಂಕ ಹಿಡಿದು, ಅಂದಿನ ಶಿಲ್ಕುಗಳನ್ನು ಆರಂಭದ ಶಿಲ್ಕು ಎಂದು ಬರೆದು ಮುಂದೆ ಸಾಗಿ. ಏಪ್ರಿಲ್ 1 ಅನುಕೂಲ. ಪ್ರಿಫರೆನ್ಸಸ್‌ನ ಲೆಕ್ಕದ ಅವಧಿಯಲ್ಲಿ ಏಪ್ರಿಲ್ 1 ರಿಂದ ಮಾರ್ಚ್ 31 ಎಂದು ನೀವೇ ಹಾಕಬೇಕು, ಇಲ್ಲದಿದ್ದರೆ ಅದು ಜನವರಿಯಿಂದ ಎಣಿಸುತ್ತದೆ. ಸಂಬಳದ ಆದಾಯವನ್ನೂ ಕೃಷಿಯ ಆದಾಯವನ್ನೂ ಮೊದಲ ಹಂತದಲ್ಲೇ ಬೇರೆ ಮಾಡಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಒಬ್ಬರ ಹೆಸರಿನಲ್ಲಿ ತೆರಿಗೆಗೆ ಒಳಪಡುವ ಸಂಬಳವೂ ಕೃಷಿ ಆದಾಯವೂ ಇದ್ದರೆ, ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಕೃಷಿ ಆದಾಯವನ್ನೂ ಎಣಿಸುತ್ತಾರೆ. ಜಮೀನಿನ ಒಂದು ಭಾಗ ಪತ್ನಿಯ ಹೆಸರಿನಲ್ಲಿದ್ದರೆ ಈ ಅಂಕಿ ನಿಮಗೆ ಬೇಕಾಗುತ್ತದೆ.

ಬೆಳೆವಾರು ಲೆಕ್ಕದ ತೊಡಕು ಇರುವುದು ಇಲ್ಲೇ. ಬೇಸಿಗೆ ಭತ್ತದ ಖರ್ಚು ಮಾರ್ಚ್‌ಗೆ ಮುಂಚೆ, ಆದಾಯ ಏಪ್ರಿಲ್ ಆದ ಮೇಲೆ. ಹಣಕಾಸು ವರ್ಷ ಬೆಳೆಯನ್ನು ನಡುವೆ ಸೀಳುತ್ತದೆ. ಹಂಗಾಮಿಗೊಂದು ಉಪಖಾತೆ ತೆರೆದರೆ ನಾಲ್ಕೇ ವರ್ಷದಲ್ಲಿ ಖಾತೆಗಳ ಪಟ್ಟಿ ಪರದೆಯಿಂದ ಕೆಳಗೆ ಇಳಿದುಹೋಗುತ್ತದೆ. ನನ್ನ ಸಲಹೆ ಇದು: ‘ವ್ಯೂ’ ಮೆನುವಿನಲ್ಲಿ ‘ಡಬಲ್ ಲೈನ್’ ಆರಿಸಿ. ಪ್ರತಿ ನಮೂದಿನ ಕೆಳಗೆ ಟಿಪ್ಪಣಿಯ ಸಾಲು ಕಾಣುತ್ತದೆ. ಹೊಲಕ್ಕೆ ಸಂಬಂಧಿಸಿದ ಪ್ರತಿ ನಮೂದಿನಲ್ಲೂ ಅಲ್ಲಿ ‘#ಮುಂಗಾರು25’, ‘#ಬೇಸಿಗೆ26’ ಎಂದು ಬರೆಯಿರಿ. ಆಮೇಲೆ ‘ಟ್ರಾನ್ಸಾಕ್ಷನ್ ರಿಪೋರ್ಟ್’ ತೆರೆದು, ಆಯ್ಕೆಗಳ ‘ಫಿಲ್ಟರ್’ ಪುಟದಲ್ಲಿ ಅದೇ ಗುರುತು ಹಾಕಿ, ದಿನಾಂಕವನ್ನು ಎರಡು ವರ್ಷಕ್ಕೆ ಅಗಲಿಸಿದರೆ ಆ ಹಂಗಾಮಿನ ವ್ಯವಹಾರವಷ್ಟೇ ಮೊತ್ತಸಹಿತ ಬರುತ್ತದೆ. 2024 ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19 ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಾಲೆಯ ಕೆಳಗಿನವರಿಗೆ ಎದುರಾದ ಪ್ರಶ್ನೆಗೆ, ಎರಡನೇ ಬೆಳೆಯೇ ಇಲ್ಲದಿದ್ದರೆ ಮನೆ ಎಷ್ಟು ತಿಂಗಳು ನಡೆದೀತು ಎಂಬುದಕ್ಕೆ, ಈ ವರದಿ ಅಂಕಿಯಲ್ಲಿ ಉತ್ತರ ಕೊಡುತ್ತದೆ.

ಕರೆಂಟು ಹೋದರೆ? ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿಯನ್ನು ನಂಬುವಂತಿಲ್ಲ. ಗ್ನುಕ್ಯಾಶ್ ಐದು ನಿಮಿಷಕ್ಕೊಮ್ಮೆ ತಾನೇ ಉಳಿಸುತ್ತದೆ, ಜೊತೆಗೆ ಪ್ರತಿ ನಮೂದನ್ನೂ ‘ಲಾಗ್’ ಎಂಬ ಬೇರೆ ಕಡತಕ್ಕೆ ಬರೆಯುತ್ತಾ ಹೋಗುತ್ತದೆ. ನಡುವೆ ಯಂತ್ರ ಆರಿಹೋದರೆ ಮುಂದಿನ ಸಲ ‘ಕಡತಕ್ಕೆ ಬೀಗ ಬಿದ್ದಿದೆ’ ಎನ್ನುತ್ತದೆ. ಬೇರೆ ಕಡೆ ಅದು ತೆರೆದಿಲ್ಲ ಎಂದು ಖಚಿತಪಡಿಸಿಕೊಂಡು ‘ಓಪನ್ ಎನಿವೇ’ ಒತ್ತಿ. ಉಳಿಸದ ನಮೂದುಗಳಿದ್ದರೆ ‘ಇಂಪೋರ್ಟ್’ ಮೆನುವಿನಡಿ ಲಾಗ್ ಕಡತವನ್ನು ಮತ್ತೆ ಓಡಿಸುವ ಆಯ್ಕೆ ಇದೆ. ಈ ಲಾಗ್‌ಗಳೂ ದಿನಾಂಕ ಹೊತ್ತ ಹಳೆಯ ಪ್ರತಿಗಳೂ ಸೇರಿ ಫೋಲ್ಡರ್ ತುಂಬಿಕೊಳ್ಳುತ್ತದೆ, 30 ದಿನ ಕಳೆದವನ್ನು ಅದೇ ಅಳಿಸುತ್ತದೆ. ಹಾಗಾಗಿ ಲೆಕ್ಕಕ್ಕೆಂದೇ ಒಂದು ಫೋಲ್ಡರ್ ಮಾಡಿ, ವಾರಕ್ಕೊಮ್ಮೆ ಅದನ್ನು ಪೆನ್‌ಡ್ರೈವ್‌ಗೆ ನಕಲಿಸಿ.

ಪ್ರಿಫರೆನ್ಸಸ್‌ನಲ್ಲಿ ‘ಕಂಪ್ರೆಸ್ ಫೈಲ್ಸ್’ ಗುರುತನ್ನು ತೆಗೆದು ಕಡತ ಉಳಿಸಿ, ಪಠ್ಯ ಸಂಪಾದಕದಲ್ಲಿ ಒಮ್ಮೆ ತೆರೆದು ನೋಡಿ. ಪೈಥಾನ್ ಬರೆಯುವವರು ಇದನ್ನು ನೋಡಲೇಬೇಕು. ಅದು ಸಾದಾ ಎಕ್ಸ್‌ಎಂಎಲ್, ಗುರುತುಪಟ್ಟಿಗಳಿರುವ ಪಠ್ಯ. ನಿಮ್ಮ 1,01,500 ರೂಪಾಯಿ ಅಲ್ಲಿ 10150000/100 ಎಂದು ಭಿನ್ನರಾಶಿಯಾಗಿ ಕುಳಿತಿರುತ್ತದೆ. ದಶಮಾಂಶವನ್ನು ಕಂಪ್ಯೂಟರ್ ದ್ವಿಮಾನದಲ್ಲಿ ಅಂದಾಜಾಗಿ ಹಿಡಿಯುವುದರಿಂದ ಪೈಥಾನ್‌ನಲ್ಲಿ 0.1 ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಲೆಕ್ಕದ ತಂತ್ರಾಂಶಕ್ಕೆ ಅದು ಸಲ್ಲದು, ಅದಕ್ಕೇ ಈ ಭಿನ್ನರಾಶಿ. ನಿಮ್ಮ ಸ್ಕ್ರಿಪ್ಟ್‌ನಲ್ಲೂ ಹಣಕ್ಕೆ ‘ಫ್ಲೋಟ್’ ಬಳಸಬೇಡಿ, ‘ಡೆಸಿಮಲ್’ ಬಳಸಿ.

ಆ ಸ್ಕ್ರಿಪ್ಟ್ ವಿಷಯಕ್ಕೆ ಬಂದರೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಹೊರಗಿನಿಂದ ಒಂದು, ಒಳಗೆ ಇನ್ನೊಂದು. ಎಕ್ಸೆಲ್ ಎಂದು ಇಳಿಯುವ ಕಡತ ಎಷ್ಟೋ ಸಲ ಎಕ್ಸೆಲ್ ಆಗಿರುವುದೇ ಇಲ್ಲ. ಟರ್ಮಿನಲ್‌ನಲ್ಲಿ ‘ಫೈಲ್’ ಆದೇಶ ಕೊಟ್ಟು ನೋಡಿದರೆ ಅದು ಎಚ್‌ಟಿಎಂಎಲ್ ಎಂದೋ ಬರೀ ಪಠ್ಯ ಎಂದೋ ತಿಳಿಯುತ್ತದೆ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಮಾತ್ರ ಸಿಗುವುದಾದರೆ ಪಾಪ್ಲರ್ ಪ್ಯಾಕೇಜಿನ ‘ಪಿಡಿಎಫ್‌ಟುಟೆಕ್ಸ್ಟ್’ ಅದನ್ನು ಅಂಕಣಗಳ ಜೋಡಣೆ ಕೆಡದಂತೆ ಪಠ್ಯವಾಗಿಸುತ್ತದೆ. ‘ಲೇಔಟ್’ ಆಯ್ಕೆ ಕೊಡುವುದನ್ನು ಮರೆಯಬೇಡಿ. ಸ್ಕ್ರಿಪ್ಟ್ ಮಾಡಬೇಕಾದದ್ದು ಇಷ್ಟು: ಮೇಲಿನ ವಿಳಾಸ, ಶಾಖೆಯ ವಿವರದ ಸಾಲುಗಳನ್ನು ಬಿಟ್ಟು ಶೀರ್ಷಿಕೆ ಸಾಲನ್ನು ಹುಡುಕುವುದು, ಮೊತ್ತಗಳಿಂದ ಅಲ್ಪವಿರಾಮ ತೆಗೆಯುವುದು, ದಿನಾಂಕವನ್ನು ವರ್ಷ–ತಿಂಗಳು–ದಿನ ಕ್ರಮಕ್ಕೆ ತಿರುಗಿಸುವುದು, ಎರಡು ಸಾಲಿಗೆ ಹರಿದ ಯುಪಿಐ ವಿವರಣೆಯನ್ನು ಒಂದಾಗಿಸುವುದು. ವಿವರಣೆಯಲ್ಲಿನ ಉದ್ದನೆಯ ಉಲ್ಲೇಖ ಸಂಖ್ಯೆಯನ್ನು ಕಿತ್ತು ‘ನಂಬರ್’ ಅಂಕಣಕ್ಕೆ ಹಾಕಿ. ಯಾರಿಗೆ ಕೊಟ್ಟದ್ದು ಯಾವ ಖಾತೆಗೆ ಸೇರುತ್ತದೆ ಎಂಬುದನ್ನು ಗ್ನುಕ್ಯಾಶ್ ವಿವರಣೆಯ ಪದಗಳಿಂದಲೇ ಕಲಿಯುತ್ತದೆ. ಮತ್ತೆಂದೂ ಬಾರದ ಸಂಖ್ಯೆಗಳು ಆ ಕಲಿಕೆಯ ಪಟ್ಟಿಯನ್ನು ಕಸದಿಂದ ತುಂಬುತ್ತವೆ.

ಒಂದು ತಪಾಸಣೆಯನ್ನು ಮಾತ್ರ ಬಿಡಬೇಡಿ. ಸ್ಟೇಟ್‌ಮೆಂಟಿನ ಪ್ರತಿ ಸಾಲಿನಲ್ಲೂ ಶಿಲ್ಕು ಇರುತ್ತದೆ. ಹಿಂದಿನ ಶಿಲ್ಕಿಗೆ ಜಮೆ ಕೂಡಿ ಖರ್ಚು ಕಳೆದರೆ ಈ ಸಾಲಿನ ಶಿಲ್ಕು ಬರಬೇಕು. ಬರದಿದ್ದರೆ ಸ್ಕ್ರಿಪ್ಟ್ ಆ ಸಾಲಿನ ಸಂಖ್ಯೆ ಹೇಳಿ ಅಲ್ಲೇ ನಿಲ್ಲಲಿ, ಏನನ್ನೂ ಬರೆಯದಿರಲಿ. ಪುಟದ ಅಂಚಿನಲ್ಲಿ ನುಂಗಿಹೋದ ಸಾಲು, ಜಮೆಯ ಅಂಕಣಕ್ಕೆ ಜಾರಿದ ಖರ್ಚು, ಎಲ್ಲವೂ ಇದರಲ್ಲೇ ಸಿಕ್ಕಿಬೀಳುತ್ತವೆ. ತಾಳೆಯಾದ ಮೇಲೆ ಸ್ಕ್ರಿಪ್ಟ್ ಬರೆದ ಸಿಎಸ್‌ವಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಕಡತವನ್ನು ‘ಇಂಪೋರ್ಟ್’ ಮೆನುವಿನಿಂದ ತಂದು, ಯಾವ ಅಂಕಣ ಯಾವುದೆಂದು ಒಮ್ಮೆ ಹೇಳಿ, ಆ ಸೆಟ್ಟಿಂಗ್ ಅನ್ನು ಬ್ಯಾಂಕಿನ ಹೆಸರಿನಲ್ಲಿ ಉಳಿಸಿ. ಮುಂದಿನ ತಿಂಗಳು ಹೆಸರು ಆರಿಸಿದರೆ ಸಾಕು. ಪತ್ನಿಯ ಖಾತೆಯಿಂದ ನಿಮ್ಮ ಖಾತೆಗೆ ವರ್ಗಾಯಿಸಿದ ಹಣ ಇಬ್ಬರ ಸ್ಟೇಟ್‌ಮೆಂಟಿನಲ್ಲೂ ಬರುತ್ತದೆ; ಎರಡನೆಯದನ್ನು ತರುವಾಗ ಹೊಂದಾಣಿಕೆಯ ಪರದೆಯಲ್ಲಿ ಅದನ್ನು ಹೊಸದೆಂದು ಸೇರಿಸದೆ ಹಳೆಯದಕ್ಕೆ ಜೋಡಿಸಿ.

ಈಗ ಮೂರನೆಯ ದೂರಿನ ಉಳಿದರ್ಧ. ಎಕರೆಗೆ ಎಷ್ಟು ಖರ್ಚಾಯಿತು, ಚೀಲಕ್ಕೆ ಎಷ್ಟು ಉಳಿಯಿತು ಎಂಬ ವರದಿ ಗ್ನುಕ್ಯಾಶ್‌ನಲ್ಲಿ ಇಲ್ಲ. ಅದರ ವರದಿಗಳೆಲ್ಲ ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ, ಸ್ವಂತ ವರದಿಯನ್ನು ಕಂಪೈಲ್ ಇಲ್ಲದೆಯೇ ಸೇರಿಸಬಹುದು: ವರದಿಯ ಕಡತವನ್ನು ನಿಮ್ಮ ಹೋಮ್ ಫೋಲ್ಡರ್‌ನೊಳಗಿನ ಗ್ನುಕ್ಯಾಶ್ ದತ್ತಾಂಶದ ಫೋಲ್ಡರ್‌ನಲ್ಲಿಟ್ಟು, ‘ಕಾನ್ಫಿಗ್-ಯೂಸರ್’ ಕಡತದಲ್ಲಿ ಅದನ್ನು ಲೋಡ್ ಮಾಡುವ ಒಂದು ಸಾಲು ಬರೆದು ಮತ್ತೆ ತೆರೆದರೆ ಮೆನುವಿನಲ್ಲಿ ಕಾಣುತ್ತದೆ. ನಕಲು ಮಾಡಿ ಕಲಿಯಲೆಂದೇ ಸೋರ್ಸ್‌ನಲ್ಲಿ ‘ಹಲೋ ವರ್ಲ್ಡ್’ ಎಂಬ ಮಾದರಿ ವರದಿ ಇಟ್ಟಿದ್ದಾರೆ. ಸ್ಕೀಮ್‌ನ ಆವರಣ ಚಿಹ್ನೆಗಳ ಕಾಡು ನಿಮಗೆ ಹಿಡಿಸದಿರಬಹುದು. ಹಾಗಿದ್ದರೆ ‘ಲಿಬ್‌ಡಿಬಿಡಿ-ಎಸ್‌ಕ್ಯೂಲೈಟ್3’ ಪ್ಯಾಕೇಜ್ ಹಾಕಿಕೊಂಡು, ‘ಸೇವ್ ಆ್ಯಸ್’ ಮೂಲಕ ಲೆಕ್ಕದ ಒಂದು ಪ್ರತಿಯನ್ನು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ರೂಪದಲ್ಲಿ ಉಳಿಸಿ. ಆಮೇಲೆ ಎಕ್ಸ್‌ಎಂಎಲ್ ಕಡತವನ್ನೇ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಪ್ರತಿಯಲ್ಲೇ ಬರೆಯುತ್ತಾ ಹೋಗುತ್ತೀರಿ. ಎಸ್‌ಕ್ಯೂಲೈಟ್ ಪ್ರತಿಯಲ್ಲಿ ಖಾತೆ, ವ್ಯವಹಾರ, ಸ್ಪ್ಲಿಟ್ ಎಂದು ಬೇರೆ ಬೇರೆ ಕೋಷ್ಟಕಗಳಿರುತ್ತವೆ, ಮೊತ್ತ ಅಂಶ ಮತ್ತು ಛೇದ ಎಂಬ ಎರಡು ಅಂಕಣಗಳಲ್ಲಿರುತ್ತದೆ. ಪೈಥಾನ್‌ನಿಂದ ಓದಿ, ಆರು ಎಕರೆಯಿಂದ ಭಾಗಿಸಿ, ಬೇಕಾದ ಕೋಷ್ಟಕ ಮಾಡಿಕೊಳ್ಳಿ. ಓದುವುದಕ್ಕೆ ಮಾತ್ರ, ಆ ದಾರಿಯಿಂದ ಒಂದು ಅಂಕಿಯನ್ನೂ ಬರೆಯಲು ಹೋಗಬೇಡಿ. ಗ್ನುಕ್ಯಾಶ್ ಮಾಡುವ ತಾಳೆಯ ತಪಾಸಣೆ ಅಲ್ಲಿ ನಡೆಯುವುದಿಲ್ಲ.

ಇಷ್ಟಾದ ಮೇಲೂ ಸೋರ್ಸ್‌ನಿಂದ ಕಟ್ಟುವ ಆಸೆ ಇದ್ದರೆ ಕಟ್ಟಿ. ಅದು ಲೆಕ್ಕಕ್ಕೆ ಬೇಕಾದದ್ದಲ್ಲ, ಕಲಿಕೆಗೆ ಒಳ್ಳೆಯದು. ಗ್ನುಕ್ಯಾಶ್‌ನ ಎಂಜಿನ್ ಸಿ ಮತ್ತು ಸಿ++ ನಲ್ಲಿದೆ, ಪರದೆಗಳು ಜಿಟಿಕೆ ಎಂಬ ಲೈಬ್ರರಿಯಲ್ಲಿವೆ. ಪೈಥಾನ್ ಮಾತ್ರ ಬಲ್ಲವರಿಗೆ ಆರಂಭದ ತಿಂಗಳು ಓದುವುದರಲ್ಲೇ ಕಳೆಯುತ್ತದೆ. ಮಿಂಟ್‌ನ ‘ಸಾಫ್ಟ್‌ವೇರ್ ಸೋರ್ಸಸ್’ನಲ್ಲಿ ಸೋರ್ಸ್ ಕೋಡ್ ಭಂಡಾರವನ್ನು ಚಾಲೂ ಮಾಡಿ, ‘ಸುಡೊ ಆಪ್ಟ್ ಬಿಲ್ಡ್-ಡೆಪ್ ಗ್ನುಕ್ಯಾಶ್’ ಎಂದರೆ ಬೇಕಾದ ಲೈಬ್ರರಿಗಳಲ್ಲಿ ಬಹುತೇಕ ಬಂದುಬಿಡುತ್ತವೆ. ಸೋರ್ಸ್ ತರಲು ಗಿಟ್, ಕಟ್ಟುವ ಸಿದ್ಧತೆಗೆ ಸಿಮೇಕ್, ಕಟ್ಟಲು ನಿಂಜಾ ಹಾಕಿಕೊಳ್ಳಿ. ಗಿಟ್‌ನಿಂದ ತರುವಾಗ ‘ಡೆಪ್ತ್ 1’ ಎಂದರೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಇತಿಹಾಸವೆಲ್ಲ ಇಳಿಯುವುದು ತಪ್ಪುತ್ತದೆ. ಸೋರ್ಸ್‌ನ ಶಾಖೆಗಳಲ್ಲಿ ‘ಸ್ಟೇಬಲ್’ ಹಿಡಿಯಿರಿ. ‘ಫ್ಯೂಚರ್’ ಮುಂದಿನ ದೊಡ್ಡ ಆವೃತ್ತಿಯ ಪ್ರಯೋಗಶಾಲೆ.

ಕಟ್ಟುವುದು ಸೋರ್ಸ್‌ನ ಹೊರಗೆ, ಬೇರೆ ಫೋಲ್ಡರ್‌ನಲ್ಲಿ. ಸಿಮೇಕ್‌ಗೆ ಸ್ಥಾಪನೆಯ ಜಾಗವನ್ನು ನಿಮ್ಮ ಹೋಮ್‌ನೊಳಗೇ ಕೊಡಿ. ಆಗ ಆಪ್ಟ್ ಹಾಕಿದ ಗ್ನುಕ್ಯಾಶ್‌ಗೆ ಏನೂ ಆಗುವುದಿಲ್ಲ. ‘ಆಕ್‌ಬ್ಯಾಂಕಿಂಗ್’ ಆಯ್ಕೆಯನ್ನು ಆಫ್ ಮಾಡಿ. ಅದು ಮುಖ್ಯವಾಗಿ ಜರ್ಮನಿಯ ಬ್ಯಾಂಕುಗಳ ಆನ್‌ಲೈನ್ ವ್ಯವಸ್ಥೆಗಾಗಿ ಇರುವುದು, ನಮಗೆ ಉಪಯೋಗವಿಲ್ಲ. ಯಾವುದೋ ಲೈಬ್ರರಿ ಇಲ್ಲವೆಂದು ಸಿಮೇಕ್ ನಿಂತರೆ ಪರದೆಯ ಕೊನೆಯ ಸಾಲನ್ನಲ್ಲ, ಮೊದಲ ದೋಷವನ್ನು ಓದಿ. ಉಳಿದವೆಲ್ಲ ಅದರ ಮರಿಗಳು. 4 ಜಿಬಿ ಮೆಮೊರಿಯಲ್ಲಿ ನಿಂಜಾವನ್ನು ಸುಮ್ಮನೆ ಬಿಟ್ಟರೆ ಪ್ರೊಸೆಸರಿನ ಕೋರ್‌ಗಳಷ್ಟೂ ಕೆಲಸವನ್ನು ಒಟ್ಟಿಗೆ ಹಚ್ಚಿ ಯಂತ್ರವನ್ನು ಉಸಿರುಗಟ್ಟಿಸುತ್ತದೆ. ‘ನಿಂಜಾ -ಜೆ 2’ ಎಂದು ಕಟ್ಟಿ, ಬ್ರೌಸರ್ ಮುಚ್ಚಿ, ಹೊಲಕ್ಕೆ ಒಂದು ಸುತ್ತು ಹೋಗಿ ಬನ್ನಿ. ಮುಗಿದ ಮೇಲೆ ‘ನಿಂಜಾ ಚೆಕ್’ ಓಡಿಸಿದರೆ ನೂರಕ್ಕೂ ಹೆಚ್ಚು ಪರೀಕ್ಷೆಗಳು ನಡೆಯುತ್ತವೆ. ನೀವು ಏನನ್ನೂ ತಿದ್ದುವ ಮೊದಲೇ ಯಾವುದು ಸೋಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ತಿದ್ದಿದ ತಂತ್ರಾಂಶವನ್ನು ಯಾವಾಗಲೂ ಲೆಕ್ಕದ ನಕಲು ಪ್ರತಿಯ ಮೇಲೇ ಓಡಿಸಿ. ಗ್ನುಕ್ಯಾಶ್ ತಾನಾಗಿ ಹಿಂದಿನ ಸಲದ ಕಡತವನ್ನೇ ತೆರೆಯುತ್ತದೆ. ‘ನೋಫೈಲ್’ ಆಯ್ಕೆ ಕೊಟ್ಟರೆ ತೆರೆಯುವುದಿಲ್ಲ.

ಮೂಲ ಯೋಜನೆಗೆ ಏನಾದರೂ ಕಳಿಸುವ ಮನಸ್ಸಿದ್ದರೆ ಕನ್ನಡ ಅನುವಾದದಿಂದ ಆರಂಭಿಸಿ. ಅದಕ್ಕೆ ಕಂಪೈಲ್ ಕೂಡ ಬೇಡ, ವೆಬ್ಲೇಟ್ ಎಂಬ ಅನುವಾದದ ತಾಣದಲ್ಲಿ ಕುಳಿತೇ ಮಾಡಬಹುದು. ದಲಾಲಿ ಅಂಗಡಿಯ ಲೆಕ್ಕ ಬಲ್ಲವರು ಕೈಹಾಕಿದರೆ ಅನುವಾದ ಬಳಸುವಂತಾಗುತ್ತದೆ. ಕೋಡ್ ತಿದ್ದುಪಡಿಯಾದರೆ ಮೊದಲು ಅವರ ಬಗ್‌ಜಿಲ್ಲಾದಲ್ಲಿ (ದೋಷಗಳ ದಾಖಲೆಯ ತಾಣ) ಆ ದೋಷ ದಾಖಲಾಗಿದೆಯೇ ನೋಡಿ, ಅದರ ಸಂಖ್ಯೆ ಹಾಕಿ, ಒಂದು ಸಲಕ್ಕೆ ಒಂದೇ ವಿಷಯ ತಿದ್ದಿ ಕಳಿಸಿ. ಸ್ಟೇಟ್‌ಮೆಂಟಿನ ಸ್ಕ್ರಿಪ್ಟ್ ಅನ್ನೂ ಹಂಚಿದರೆ ಅದೇ ಬ್ಯಾಂಕಿನ ಬೇರೆ ಗ್ರಾಹಕರಿಗೆ ಉಪಯೋಗವಾದೀತು. ಆದರೆ ಪರೀಕ್ಷೆಗೆಂದು ಜೊತೆಗಿಡುವ ಮಾದರಿ ಕಡತದಲ್ಲಿ ನಿಮ್ಮ ಖಾತೆ ಸಂಖ್ಯೆಯೂ ಪತ್ನಿಯ ಸಂಬಳವೂ ಇರದಿರಲಿ. ಗಿಟ್‌ಗೆ ಒಮ್ಮೆ ಸೇರಿದ ಕಡತವನ್ನು ಮುಂದಿನ ಕಮಿಟ್‌ನಲ್ಲಿ (ಬದಲಾವಣೆಯ ದಾಖಲೆಯಲ್ಲಿ) ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದಿರುತ್ತದೆ, ಬೇಕೆಂದವರು ತೆಗೆದು ಓದಬಹುದು.